ಅಮ್ಮಾಜಮ್ಮನ ಮೂರು ದಿನ

ದಿಬ್ಬೂರಹಳ್ಳಿಯ ಅಮ್ಮಾಜಮ್ಮ ತಿಂಗಳಿಗೊಮ್ಮೆ ಹೊರಗಾಗುತ್ತಿದ್ದಳು. ಕೆಲವು ತಿಂಗಳು ಎರಡು ಸಲವೂ ಆಗುತ್ತಿದ್ದಳು. ಹೆಂಗಸರ ಈ ಲೆಕ್ಕ ಚಂದ್ರನನ್ನು ನೋಡಿಕೊಂಡು ನಡೆಯುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಅಮ್ಮಾಜಮ್ಮನದು ರೇಷ್ಮೆ ಹುಳುವನ್ನು ನೋಡಿಕೊಂಡು ನಡೆಯುತ್ತಿತ್ತು.

ಹುಳು ಸಾಕಿದ ಮನೆಯವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಹುಳು ಬೆಳೆಯುತ್ತ ನಾಲ್ಕು ಸಲ ತಿನ್ನುವುದು ಬಿಟ್ಟು ಮಂಕಾಗಿ ಕೂರುತ್ತದೆ, ಪೊರೆ ಕಳಚಿ ಏಳುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಕಳೆದು ಎದ್ದ ಹುಳುವಿಗೆ ಬರುವ ಹಸಿವು ಮನುಷ್ಯರಿಗೆ ಬರುವಂಥದ್ದಲ್ಲ. ಬುಟ್ಟಿಗಟ್ಟಲೆ ಹಿಪ್ಪುನೇರಳೆ ಸೊಪ್ಪು ಹಾಕಿ ಬೆನ್ನು ತಿರುಗಿಸುವಷ್ಟರಲ್ಲಿ ಕಡ್ಡಿ ಮಾತ್ರ ಉಳಿದಿರುತ್ತದೆ. ಸೊಪ್ಪು ಕುಯ್ಯಬೇಕು, ಹೊರಬೇಕು, ಹಾಕಬೇಕು, ಹುಳು ಇಟ್ಟ ಬಿದಿರು ತಟ್ಟೆ ತಟ್ಟೆಯ ಹಿಕ್ಕೆ ತೆಗೆಯಬೇಕು. ಅದರ ನಡುವೆ ನೀರು ಸೇದಬೇಕು, ರಾಗಿ ಬೀಸಬೇಕು, ಮುದ್ದೆ ತಿರುವಬೇಕು, ಹಸು ಕರೆಯಬೇಕು. ಇದನ್ನೆಲ್ಲ ಅಮ್ಮಾಜಮ್ಮ ಮಾಡುತ್ತಿದ್ದಳು. ಊರಲ್ಲಿ ಮಾತ್ರ "ಬಯ್ಯಪ್ಪ ಈ ಸಲ ಹುಳು ಚೆನ್ನಾಗಿ ಸಾಕಿದಾನೆ" ಎನ್ನುತ್ತಿದ್ದರು. ಗೂಡು ಹೊತ್ತು ಶಿಡ್ಲಘಟ್ಟದಲ್ಲಿ ಮಾರಿ ಬರುವವನು ಅವಳ ಗಂಡ ಬಯ್ಯಪ್ಪ. ಆದ್ದರಿಂದ ಸಾಕಿದವನೂ ಅವನೇ.

ಹೊರಗಾದ ಹೆಂಗಸು ಹುಳುಮನೆಯ ಹೊಸಲು ತುಳಿಯಬಾರದು, ಸೊಪ್ಪು ಮುಟ್ಟಬಾರದು. ಅವಳ ನೆರಳು ತಟ್ಟೆಯ ಮೇಲೆ ಬಿದ್ದರೂ ಹುಳು ಕಪ್ಪಾಗಿ ಸಾಯುತ್ತವೆ. ಇದು ಕಟ್ಟಳೆ. ಆ ಮೂರು ದಿನ ಅಮ್ಮಾಜಮ್ಮ ದನದ ಕೊಟ್ಟಿಗೆಗೆ ತಾಗಿಸಿ ಹಾಕಿದ ಚಪ್ಪರದ ಕೆಳಗೆ ಒಂದು ಹರಕು ಚಾಪೆಯ ಮೇಲೆ ಕೂರುತ್ತಿದ್ದಳು. ಊಟವನ್ನು ದೂರದಿಂದ ನೂಕುತ್ತಿದ್ದರು. ನಾಯಿಗೆ ಹಾಕುವಾಗ ಇದಕ್ಕಿಂತ ಹತ್ತಿರ ಬರುತ್ತಿದ್ದರು ಎನ್ನುವುದೂ ನಿಜ. ಆದರೆ ಅವಳು ಬಿಸಿ ಮುದ್ದೆ ಉಣ್ಣುತ್ತಿದ್ದುದು ಆ ಮೂರು ದಿನ ಮಾತ್ರ. ಕಾಲು ನೀಡುತ್ತಿದ್ದಳು, ಕೂದಲು ಬಿಚ್ಚಿ ಹರವಿಕೊಳ್ಳುತ್ತಿದ್ದಳು, ಹಗಲು ಹೊತ್ತಿನಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಅತ್ತೆ ಮಂಗಮ್ಮ ಗೊಣಗುತ್ತ ಒಲೆ ಮುಂದೆ ಕೂರುತ್ತಿದ್ದಳು. ಬಯ್ಯಪ್ಪ ಒಬ್ಬ ಕೂಲಿ ಹೆಂಗಸನ್ನು ಕರೆತಂದು, ಅವಳ ಜೊತೆ ತಾನೂ ಸೊಪ್ಪು ಹಾಕುತ್ತ ಸೊಂಟ ಹಿಡಿದುಕೊಳ್ಳುತ್ತಿದ್ದ.

ಚಿಂತಾಮಣಿ ಕಡೆಯಿಂದ ಮದುವೆಯಾಗಿ ಬಂದ ಹೊಸತರಲ್ಲಿ ಅಮ್ಮಾಜಮ್ಮ ಸುಳ್ಳು ಹೇಳುತ್ತಿರಲಿಲ್ಲ. ಎರಡನೆಯ ಹೆರಿಗೆಯಾದ ಮೇಲೆ ಒಂದು ದಿನ, ಹುಳು ಜ್ವರದಿಂದ ಎದ್ದದ್ದನ್ನು ನೋಡಿ ಅವಳಿಗೇ ಜ್ವರ ಬಂದಂತಾಯಿತು. ಯಾವ ಯೋಚನೆಯೂ ಇಲ್ಲದೆ ಬಾಯಿಂದ ಮಾತು ಬಂತು: "ಅತ್ತೆ, ನಾನು ಹೊರಗೆ." ಮಂಗಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಹ್ಞೂಂ, ಕೂತ್ಕೋ ಹೋಗು" ಎಂದಳು. ಅಷ್ಟೇ. ಆಮೇಲೆ ಬಾವಿಕಟ್ಟೆಯಲ್ಲಿ ಪಕ್ಕದ ಮನೆಯ ರಾಮಲಕ್ಷ್ಮಮ್ಮನ ಜೊತೆ ಬಟ್ಟೆ ಒಗೆಯುವಾಗ, ಈ ಜಾಣತನ ತನ್ನೊಬ್ಬಳದೇ ಅಲ್ಲ ಎಂದು ಅವಳಿಗೆ ತಿಳಿಯಿತು. ಆ ಬೀದಿಯ ಹೆಂಗಸರೆಲ್ಲ ಹುಳುವಿನ ಪಂಚಾಂಗದಂತೆ ಹೊರಗಾಗುತ್ತಿದ್ದರು.

ಸಾವಿರದ ಒಂಬೈನೂರ ಐವತ್ತಾರರ ಸುಮಾರಿಗೆ ಊರಿಗೆ ಯೋಗನರಸಿಂಹ ಎಂಬವರು ಬಂದರು. ಬೆಂಗಳೂರಿನ ಒಂದು ಕಾಲೇಜಿನಲ್ಲಿ ತತ್ವಶಾಸ್ತ್ರದ ಮೇಷ್ಟ್ರು. ಅವರ ಅಕ್ಕನ ಗಂಡ ಇಲ್ಲಿಯ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು. ಯಾವುದು ಸರಿ ಯಾವುದು ತಪ್ಪು ಎಂದು ಮನುಷ್ಯನಿಗೆ ಥಟ್ಟನೆ ಅನ್ನಿಸುತ್ತದಲ್ಲ, ಅದು ಎಲ್ಲ ದೇಶದವರಿಗೂ ಒಂದೇ ಥರ ಅನ್ನಿಸುತ್ತದೆಯೇ ಎಂಬುದು ಅವರ ಸಂಶೋಧನೆ. ಬೇರೆ ಪಂಡಿತರು ಪರದೇಶದವರಿಗೆ ಕೆಲವು ಕಟ್ಟುಕತೆ ಹೇಳಿ ಪ್ರಶ್ನೆ ಕೇಳಿದ್ದರಂತೆ. ಅವನ್ನೇ ನಮ್ಮವರಿಗೂ ಕೇಳಿ ನೋಡಬೇಕೆಂದು ಅವರ ಆಸೆ. ಊರಲ್ಲಿ ದೊಡ್ಡ ಜಗಲಿ ಬಯ್ಯಪ್ಪನದು. ಸಂಶೋಧನೆ ಅಲ್ಲೇ ಶುರುವಾಯಿತು. ಕಾಫಿ ಕಾಸುವ ಕೆಲಸ ಅಮ್ಮಾಜಮ್ಮನ ಪಾಲಿಗೆ ಬಂತು. ತಾನು ಜಾತಿ ನೋಡುವವನಲ್ಲ ಎಂದು ತೋರಿಸಲು ಮೇಷ್ಟ್ರು ಪ್ರತಿ ಸಲ ಎರಡೆರಡು ಲೋಟ ಕುಡಿಯುತ್ತಿದ್ದರು.

ಮೊದಲ ಕತೆ ದೋಣಿಯದು. ಮುಳುಗುತ್ತಿರುವ ದೋಣಿ, ಜನ ಹೆಚ್ಚು, ಒಬ್ಬನನ್ನು ನೀರಿಗೆ ನೂಕಿದರೆ ಉಳಿದವರು ಬದುಕುತ್ತಾರೆ. ನೂಕಬಹುದೇ?

"ನಮ್ಮ ಕಡೆ ದೋಣಿ ಮುಳುಗೋಷ್ಟು ನೀರೆಲ್ಲಿದೆ ಸ್ವಾಮಿ?" ಎಂದ ರಾಮಲಕ್ಷ್ಮಮ್ಮನ ಗಂಡ ಆವಲಪ್ಪ. "ಇಳಿದು ನಡ್ಕೊಂಡು ಹೋಗಲಿ."

"ಇಲ್ಲಪ್ಪ, ಆಳವಾದ ನೀರು ಅಂತ ಇಟ್ಟುಕೊಳ್ಳಿ."

"ಆಳ ಅಂತ ಗೊತ್ತಿದ್ದೂ ಯಾಕೆ ಹತ್ತಿದ್ರು ಅಷ್ಟು ಜನ? ಕೆರೆ ಏರಿ ಮೇಲೆ ದಾರಿ ಇರಲಿಲ್ವಾ?"

ದೋಣಿ ಹೋಗಲಿ ಎಂದು ಯೋಗನರಸಿಂಹ ಈ ಊರಿಗೆ ಹೊಂದುವ ಕತೆಯೊಂದನ್ನು ತಾವೇ ಕಟ್ಟಲು ಕೂತರು. ಇಲ್ಲಿಯವರು ಅತಿ ದೊಡ್ಡ ತಪ್ಪು ಎಂದುಕೊಳ್ಳುವುದು ಯಾವುದು ಎಂದು ಅಕ್ಕನನ್ನು ವಿಚಾರಿಸಿದರು. ಮರುದಿನ ಜಗಲಿಯಲ್ಲಿ ಕೇಳಿದರು:

"ಒಂದು ಮನೆ. ಹುಳು ನಾಲ್ಕನೇ ಜ್ವರ ಎದ್ದಿವೆ. ಮನೆಯವರು ಯಾರೂ ಇಲ್ಲ. ಹೆಂಗಸು ಹೊರಗಾಗಿದ್ದಾಳೆ. ಹುಳು ಹಸಿದು ತಲೆ ಎತ್ತುತ್ತಿವೆ. ಅವಳು ಒಳಗೆ ಹೋಗಿ ಸೊಪ್ಪು ಹಾಕಿಬಿಟ್ಟಳು. ಯಾರೂ ನೋಡಲಿಲ್ಲ. ಗೂಡು ಚೆನ್ನಾಗಿಯೇ ಬಂತು. ಅವಳು ಮಾಡಿದ್ದು ತಪ್ಪೇ?"

ಬಾಗಿಲ ಹಿಂದೆ ಕಾಫಿ ಹಿಡಿದು ನಿಂತಿದ್ದ ಅಮ್ಮಾಜಮ್ಮ ಲೋಟವನ್ನು ಅಲ್ಲೇ ಹೊಸಲ ಒಳಗೆ ಕೆಳಗಿಟ್ಟಳು. ಹಿಂದಿನ ದೀಪಾವಳಿಯ ಬೆಳೆಯಲ್ಲಿ ಅವಳು ಮಾಡಿದ್ದು ಅಕ್ಷರಶಃ ಅದನ್ನೇ. ಬಯ್ಯಪ್ಪ ಎತ್ತು ನೋಡಲು ಚಿಕ್ಕಬಳ್ಳಾಪುರಕ್ಕೆ ಹೋಗಿ ಅಲ್ಲೇ ಉಳಿದಿದ್ದ. ಮಂಗಮ್ಮ ಚಳಿಜ್ವರದಲ್ಲಿ ಮಲಗಿದ್ದಳು. ಆ ಸಲ ಅಮ್ಮಾಜಮ್ಮ ನಿಜವಾಗಿಯೂ ಹೊರಗಾಗಿದ್ದಳು. ಹುಳು ಹಸಿದು ತಲೆಯಾಡಿಸುವುದನ್ನು ಕಿಟಕಿಯಿಂದ ನೋಡಲಾರದೆ ಒಳಗೆ ಹೋಗಿದ್ದಳು. ಅಂಥ ಗೂಡು ಆ ಮನೆಗೆ ಅದಕ್ಕೆ ಮುಂಚೆ ಬಂದಿರಲಿಲ್ಲ. ಆ ದುಡ್ಡಲ್ಲಿ ಬಯ್ಯಪ್ಪ ಕೈಗಡಿಯಾರ ಕಟ್ಟಿದ್ದ. ಈ ಮೇಷ್ಟ್ರಿಗೆ ಯಾರು ಹೇಳಿದರು?

ಯಾರೂ ಹೇಳಿರಲಿಲ್ಲ. ಜಗಲಿಯಲ್ಲಿ ಆವಲಪ್ಪ ಕತೆಯನ್ನೇ ಒಪ್ಪುತ್ತಿರಲಿಲ್ಲ.

"ಹುಳು ಸಾಯ್ತವೆ ಸ್ವಾಮಿ. ಕತೆ ಸರಿಯಾಗಿ ಹೇಳಿ."

"ಸಾಯಲಿಲ್ಲ ಅಂತ ಇಟ್ಟುಕೊಳ್ಳಪ್ಪ."

"ಸಾಯೋವನ್ನ ಸಾಯಲಿಲ್ಲ ಅಂತ ಹೆಂಗೆ ಇಟ್ಕೊಳ್ಳೋದು?"

ಯೋಗನರಸಿಂಹ ಬೆವರೊರೆಸಿಕೊಂಡು ಬಾಗಿಲ ಕಡೆ ತಿರುಗಿದರು. "ಹೆಣ್ಣುಮಕ್ಕಳು ಏನು ಹೇಳುತ್ತೀರಮ್ಮ?"

"ಮಹಾಪಾಪ" ಎಂದಳು ಅಮ್ಮಾಜಮ್ಮ.

"ಯಾರಿಗೂ ಹಾನಿಯಾಗಲಿಲ್ಲವಲ್ಲಮ್ಮ?"

"ಹಾನಿ ಆಗ್ದೇ ಇದ್ರೆ ಪಾಪ ತೊಳೆದು ಹೋಗ್ತದಾ ಸ್ವಾಮಿ? ಇವತ್ತು ಒಬ್ಬಳು ಹೋದ್ಲು ಅಂತ ನಾಳೆ ಎಲ್ಲರೂ ಹೋದ್ರೆ ಊರೇನಾಗ್ಬೇಕು? ನಾನಂತೂ ಆ ಮೂರು ದಿನ ಹುಳುಮನೆ ಕಡೆ ತಲೇನೂ ಹಾಕಲ್ಲಪ್ಪ."

ಅವಳ ಹಿಂದೆ ನಿಂತಿದ್ದ ರಾಮಲಕ್ಷ್ಮಮ್ಮ ಎರಡೂ ಕೆನ್ನೆ ತಟ್ಟಿಕೊಂಡಳು. ಅವಳ ಹಿಂದಿದ್ದವರೂ ತಟ್ಟಿಕೊಂಡರು. ಯೋಗನರಸಿಂಹರ ಮುಖ ಅರಳಿತು. ಪರದೇಶದಲ್ಲಿ ಇಂಥದೇ ಹಾನಿಯಿಲ್ಲದ ತಪ್ಪಿನ ಕತೆ ಕೇಳಿದ ಹತ್ತು ಜನರಲ್ಲಿ ಒಬ್ಬರೂ ಹೀಗೆ ಹೇಳಿರಲಿಲ್ಲ. ಹಾನಿಯಿಲ್ಲದಿದ್ದರೆ ತಪ್ಪಿಲ್ಲ ಎನ್ನುವುದು ಅವರ ಮನಸ್ಸು, ಶುದ್ಧಿ ಕೆಟ್ಟರೆ ಸಾಕು ತಪ್ಪೇ ಎನ್ನುವುದು ನಮ್ಮವರ ಮನಸ್ಸು. ಅದರಲ್ಲೂ ಹೆಂಗಸರಲ್ಲಿ ಇದು ಎಷ್ಟು ಗಟ್ಟಿ! ಅವರು ಆ ದಿನ ಮೂರನೆಯ ಲೋಟವನ್ನೂ ಕುಡಿದರು.

ಮೇಷ್ಟ್ರ ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅದು ಬಯ್ಯಪ್ಪನ ತಲೆ ಹೊಕ್ಕಿತು. ಬೆಳಿಗ್ಗೆ ಬೇವಿನಕಡ್ಡಿ ಅಗಿಯುತ್ತ ಅವನು ಹೆಂಡತಿಯ ಹತ್ತಿರ ಬಂದ.

"ಅಲ್ವೇ, ಆ ಕತೇಲಿ ಗೂಡು ಚೆನ್ನಾಗೇ ಬಂತಲ್ಲ?"

"ಕತೆ ಅದು. ಕತೇಲಿ ಆನೇನೂ ಹಾರ್ತದೆ."

"ಒಂದು ವೇಳೆ ನಿಜವಾಗ್ಲೂ ಹುಳು ಸಾಯ್ದೇ ಹೋದ್ರೆ? ಪ್ರತಿ ಬೆಳೇಲೂ ಸರಿಯಾಗಿ ಆ ಟೈಮಿಗೇ ನೀನು ಹೊರಗೆ ಕೂರ್ತೀಯ. ನಂಗೆ ಸೊಂಟ ಬಿದ್ದೋಗ್ತದೆ."

"ಸರಿಯಾಗಿ ಆ ಟೈಮಿಗೆ ಅಂದ್ರೆ? ನಾನು ಹೇಳಿ ಕರೆಸ್ಕೊಳ್ತೀನಾ ಅದನ್ನ?"

ಬಯ್ಯಪ್ಪ ಆ ವಾದಕ್ಕೆ ಹೋಗಲಿಲ್ಲ. ಜಗಲಿಯಲ್ಲಿ ಎಲ್ಲರ ಮುಂದೆ ಒಂದು ತೀರ್ಮಾನ ಹೇಳಿದ. ಈ ಬೆಳೆಯಲ್ಲಿ ಒಂದು ತಟ್ಟೆ ಹುಳುವನ್ನು ಬೇರೆ ತೆಗೆದು ಕೊಟ್ಟಿಗೆಯಲ್ಲಿ ಇಡುವುದು. ಹೊರಗಾದ ದಿನಗಳಲ್ಲಿ ಅಮ್ಮಾಜಮ್ಮನೇ ಅದಕ್ಕೆ ಸೊಪ್ಪು ಹಾಕುವುದು. ಸತ್ತರೆ ಒಂದು ತಟ್ಟೆ ಹೋಯಿತು. ಬದುಕಿದರೆ ಇನ್ನು ಮೇಲೆ ಆ ದಿನಗಳಲ್ಲೂ ಅವಳು ಹುಳುಮನೆ ಕೆಲಸ ಮಾಡುವುದು. ಇದು ನಿಜವಾದ ಪ್ರಯೋಗ ಎಂದು ಯೋಗನರಸಿಂಹ ಕುಣಿದಾಡಿ, ರಜೆ ಮುಂದುವರಿಸಲು ಕಾಲೇಜಿಗೆ ತಂತಿ ಕಳಿಸಿದರು.

ಬಾವಿಕಟ್ಟೆಯಲ್ಲಿ ಅಂದು ಬಟ್ಟೆ ಒಗೆಯುವ ಸದ್ದೇ ಕೇಳಲಿಲ್ಲ.

"ನಿನ್ನ ತಟ್ಟೆ ಹುಳ ಬದುಕಿದ್ರೆ ಅಮ್ಮಾಜಿ, ನಾವೆಲ್ಲ ಸತ್ತಂಗೆ" ಎಂದಳು ರಾಮಲಕ್ಷ್ಮಮ್ಮ. "ನಮ್ಮ ಯಜಮಾನ್ರು ನಿನ್ನೆಯಿಂದ ನನ್ನನ್ನ ಉಳೋ ಎತ್ತು ನೋಡ್ದಂಗೆ ನೋಡ್ತಾವ್ರೆ."

"ನಾನೇನ್ ಮಾಡ್ಲೇ?"

"ಸೊಪ್ಪಿನ ಮೇಲೆ ಒಂದು ಹಿಡಿ ಸುಣ್ಣ ಸಾಕು, ಸಾಯ್ತವೆ."

"ಥೂ! ಮರಿಯಾಗಿದ್ದಾಗಿಂದ ಹಕ್ಕಿ ಗರೀಲಿ ಎತ್ತಿ ಎತ್ತಿ ಸಾಕಿದೀನಿ ಕಣೇ ಅವನ್ನ."

"ಸಾಕಿ ಏನ್ ಮಾಡ್ತೀಯ? ಶಿಡ್ಲಘಟ್ಟದಲ್ಲಿ ಗೂಡಿನ ಸಮೇತ ಕುದಿಯೋ ನೀರಿಗೆ ಹಾಕ್ತಾರೆ. ಅವರಿಗೆ ಹೋಗಿ ಕೇಳಿದಾರಾ ಈ ಮೇಷ್ಟ್ರು, ಪಾಪಾನಾ ಪುಣ್ಯಾನಾ ಅಂತ?"

ಅಮ್ಮಾಜಮ್ಮ ಒಗೆಯದ ಬಟ್ಟೆಯನ್ನೇ ಎತ್ತಿ ಹಿಂಡಿದಳು. ಕುದಿಯುವ ನೀರಿಗೆ ಹಾಕುವವರು ಬೇರೆ, ತಟ್ಟೆ ಮುಂದೆ ಕೂತು ಎಲೆ ಕೊಡುವವಳು ಬೇರೆ. ಇದು ತರ್ಕವಲ್ಲ ಎಂದು ಅವಳಿಗೂ ಗೊತ್ತಿತ್ತು. ಕೈ ಬರಲಿಲ್ಲ, ಅಷ್ಟೇ.

ಹುಳು ಜ್ವರದಿಂದ ಎದ್ದವು. ಅಮ್ಮಾಜಮ್ಮ ಚಪ್ಪರಕ್ಕೆ ಹೋಗಿ ಕೂತಳು. ಇನ್ನೊಂದು ವಿಷಯವಿತ್ತು. ಆ ಸಲ ಅವಳು ಹೊರಗಾಗಿರಲೇ ಇಲ್ಲ. ಅವಳ ದಿನ ಮುಗಿದು ಹೆಚ್ಚು ಕಾಲವಾಗಿರಲಿಲ್ಲ. ಎಲ್ಲ ಸಲದಂತೆ ಇದೂ ಹುಳುವಿನ ಪಂಚಾಂಗ. ಈ ಸಲ ಕೂರದಿದ್ದರೆ ಹಿಂದಿನ ಲೆಕ್ಕವೆಲ್ಲ ಅನುಮಾನಕ್ಕೆ ಬರುತ್ತಿತ್ತು. ಮೈಲಿಗೆಯ ಕೈಯಿಂದ ಹುಳು ಸಾಯುತ್ತವೆಯೇ ಎಂದು ನೋಡಲು, ಗಂಡಸರೆಲ್ಲ ಸೇರಿ ಮಡಿಯ ಕೈಗೆ ಸೊಪ್ಪು ಕೊಟ್ಟಿದ್ದರು. ಯೋಗನರಸಿಂಹ ಮೂಗಿಗೆ ಕರ್ಚೀಫು ಹಿಡಿದು ಕೊಟ್ಟಿಗೆಗೆ ಹೊತ್ತು ಹೊತ್ತಿಗೆ ಬಂದು ಬಗ್ಗಿ ನೋಡುತ್ತಿದ್ದರು. ಹುಳು ಗುಂಡುಗುಂಡಾಗಿ ಚರಚರ ತಿನ್ನುತ್ತಿದ್ದವು.

"ಚೆನ್ನಾಗಿವೆಯಲ್ಲ!" ಎಂದರು ಮೊದಲ ದಿನ.

"ಎರಡನೇ ದಿನಾನೂ ಚೆನ್ನಾಗವೆ" ಎಂದು ಬಯ್ಯಪ್ಪ ಮೀಸೆ ತಿರುವಿದ. ಕೂಲಿಯವಳಿಗೆ ಮುಂದಿನ ಬೆಳೆಯಿಂದ ಬರಬೇಡ ಎಂದೂ ಹೇಳಿಬಿಟ್ಟ.

ಅಮ್ಮಾಜಮ್ಮ ಚಾಪೆಯ ಮೇಲೆ ಕೂತು ಆ ಹುಳುಗಳನ್ನೇ ನೋಡಿದಳು. ಇವು ಗೂಡು ಕಟ್ಟಿದ ದಿನ ತನ್ನ ಚಾಪೆ ಸುತ್ತಿಡಬೇಕು. ಆಮೇಲೆ ಸಾಯುವ ತನಕ ಕೂರುವಂತಿಲ್ಲ. ಹೀಗೆಂದುಕೊಂಡೇ ಅವಳು ಅವಕ್ಕೆ ಒಳ್ಳೆಯ ಎಲೆ ಆರಿಸಿ ಹಾಕಿದಳು.

ಆ ಮಧ್ಯಾಹ್ನ ಮಂಗಮ್ಮ ಕೋಲೂರಿಕೊಂಡು ಕೊಟ್ಟಿಗೆಗೆ ಬಂದಳು. ಮಂಗಮ್ಮ ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸಿ ಜಗಿಯುವವಳು. ಹೊಗೆಸೊಪ್ಪು ರೇಷ್ಮೆ ಹುಳುವಿಗೆ ವಿಷ. ಅದಕ್ಕಾಗಿ ಅವಳು ಹುಳುಮನೆಯೊಳಗೆ ಕಾಲಿಟ್ಟು ವರ್ಷಗಳೇ ಆಗಿದ್ದವು. "ನೀನು ಸ್ವಲ್ಪ ಮಲಕ್ಕೋ ಹೋಗು, ಕಣ್ಣು ಕೆಂಪಗಾಗ್ಯದೆ" ಎಂದಳು ಸೊಸೆಗೆ. ಹಾಗೆ ಹೇಳುವ ಅಭ್ಯಾಸ ಅವಳಿಗೆ ಇರಲಿಲ್ಲ. ಅಮ್ಮಾಜಮ್ಮ ಅನುಮಾನಪಡುವಷ್ಟು ಎಚ್ಚರವಾಗಿರಲಿಲ್ಲ. ಮಲಗಿದಳು.

ಎದ್ದು ನೋಡಿದರೆ ತಟ್ಟೆಯ ಹುಳುಗಳು ತಲೆ ಎತ್ತಿ ಹೊರಳಾಡುತ್ತ ಹಸಿರು ಕಾರುತ್ತಿದ್ದವು. ಸಂಜೆಗೆ ಎಲ್ಲ ಸತ್ತವು. ಬಯ್ಯಪ್ಪ ಓಡಿ ಬಂದ. ಆವಲಪ್ಪ ಬಂದ. ಯೋಗನರಸಿಂಹ ಕರ್ಚೀಫು ಮರೆತು ಬಂದರು.

"ಅಯ್ಯೋ ದ್ಯಾವುಡಾ!" ಎಂದು ಮಂಗಮ್ಮ ಹಣೆ ಚಚ್ಚಿಕೊಂಡಳು. "ಹೇಳಿದ್ನಾ ನಾನು? ಹಿರೀಕರು ಸುಮ್ನೆ ಹೇಳಿದ್ರಾ? ಮೈಲಿಗೆ ಕಣೋ ಅದು, ಆಟಾನಾ?"

ಬಯ್ಯಪ್ಪ ಹೆದರಿ ಹುಳುಮನೆ ಬಾಗಿಲಿಗೆ ಅರಿಶಿನ ನೀರು ಚಿಮುಕಿಸಲು ಓಡಿದ. ಗಂಡಸರೆಲ್ಲ ಅವನ ಹಿಂದೆ ಹೋದರು. ಅಮ್ಮಾಜಮ್ಮ ತಟ್ಟೆ ಗುಡಿಸಲು ಬಗ್ಗಿದಳು. ಎಲೆಗಳ ನಡುವೆ ಒಣಗಿದ ಹೊಗೆಸೊಪ್ಪಿನ ತುಣುಕು ಸಿಕ್ಕಿತು. ಅದನ್ನು ಹಿಡಿದು ಅತ್ತೆಯ ಮುಖ ನೋಡಿದಳು.

"ಏನ್ ನೋಡ್ತೀಯ? ಗುಡಿಸು ಬೇಗ" ಎಂದಳು ಮಂಗಮ್ಮ. ಆಮೇಲೆ ದನಿ ತಗ್ಗಿಸಿ, "ನಿನ್ನ ಗಂಡ ಹುಟ್ಟೋಕೆ ಮುಂಚಿಂದ ಈ ಚಪ್ಪರ ಕಾಪಾಡ್ಕೊಂಡು ಬಂದಿದೀನಿ ನಾನು. ಒಂದು ತಟ್ಟೆ ಹುಳಕ್ಕೋಸ್ಕರ ಬಿಟ್ಕೊಡ್ಲಾ?" ಎಂದಳು.

ಅಮ್ಮಾಜಮ್ಮ ಆ ತುಣುಕನ್ನು ಸೆರಗಿನ ತುದಿಗೆ ಗಂಟು ಹಾಕಿ ತಿಪ್ಪೆಗೆ ಹೋದಳು. ಸತ್ತ ಹುಳುಗಳನ್ನು ಸುರಿಯುವಾಗ ಸ್ವಲ್ಪ ಅತ್ತಳು. ಚಪ್ಪರಕ್ಕೆ ಹಿಂದಿರುಗಿ ಕಾಲು ನೀಡಿದಾಗ ಸ್ವಲ್ಪ ನಕ್ಕಳು.

ಯೋಗನರಸಿಂಹ ಬೆಂಗಳೂರಿಗೆ ಹೋಗಿ ಭಾಷಣ ಮಾಡಿದರೆಂದು ಅವರ ಅಕ್ಕ ಹೇಳಿದಳು. ಪರದೇಶದವರ ನೀತಿ ಹಾನಿಯ ಮೇಲೆ ನಿಂತಿದೆ, ನಮ್ಮವರದು ಶುದ್ಧಿಯ ಮೇಲೆ, ಅದನ್ನು ಕಾಪಾಡುತ್ತಿರುವವರು ನಮ್ಮ ಹಳ್ಳಿಯ ತಾಯಂದಿರು ಎಂದರಂತೆ. ಚಪ್ಪಾಳೆ ಜೋರಾಗಿತ್ತಂತೆ. ಹೆಂಗಸು ಹೊರಗೆ ಕೂತರೆ ಸೊಪ್ಪು ಹಾಕುವವರು ಯಾರು ಎಂದು ಮಾತ್ರ ಅವರು ಯಾವ ಮನೆಯಲ್ಲೂ ಕೇಳಿರಲಿಲ್ಲ.

ಬಯ್ಯಪ್ಪನ ಭಕ್ತಿ ಮಾತ್ರ ಅತಿಯಾಯಿತು. ಮೂರು ದಿನ ಸಾಲದೆಂದು ನಾಲ್ಕು ಮಾಡಿದ. ಅಮ್ಮಾಜಮ್ಮ ಒಳಗೊಳಗೇ ಹಿಗ್ಗಿದಳು. ಆದರೆ ಚಾಪೆಯನ್ನು ಇನ್ನೂ ದೂರ, ಹುಲ್ಲಿನ ಬಣವೆಯ ಹತ್ತಿರಕ್ಕೆ ತಳ್ಳಿದ. ಮಕ್ಕಳು ಅವಳ ಹತ್ತಿರ ಸುಳಿಯದಂತೆ ಗದರಿದ. ಅವಳು ಆಚೆಯಿಂದ ಏನಾದರೂ ಕೇಳಿದರೆ, ಆ ದನಿಯೂ ಹುಳುವಿಗೆ ತಾಗೀತೆಂದು ಕೈಯಾಡಿಸಿ ಸುಮ್ಮನಾಗಿಸಿದ. ಚಿಕ್ಕ ಮಗ ರಾಮಾಂಜಿ "ಅಮ್ಮ ಯಾಕೆ ಗಲೀಜು?" ಎಂದು ಕೇಳಿದ್ದು ಅವಳ ಕಿವಿಗೆ ಬಿತ್ತು. ಬಿಸಿ ಮುದ್ದೆ ಅಂದು ಅವಳ ಮುಂದೆಯೇ ಆರಿ ತಣ್ಣಗಾಯಿತು. ಆದರೂ ಉಂಡಳು.

ವರ್ಷಗಳು ಹೋದವು. ಮಂಗಮ್ಮ ತೀರಿಕೊಂಡಳು. ಆ ನಾಲ್ಕು ದಿನ ಮುದ್ದೆ ತಿರುವುವ ಕೆಲಸವೂ ಕೂಲಿ ಹೆಂಗಸಿನ ಪಾಲಿಗೆ ಬಂತು. ಅಮ್ಮಾಜಮ್ಮನಿಗೆ ಐವತ್ತು ಸಮೀಪಿಸಿತು, ಅವಳ ಮುಟ್ಟು ನಿಂತೂ ಹೋಯಿತು. ಅವಳು ಯಾರಿಗೂ ಹೇಳಲಿಲ್ಲ. ಹುಳು ಎದ್ದಾಗಲೆಲ್ಲ ಎಂದಿನಂತೆ ಹೊರಗೆ ಕೂತಳು.

"ದೇವರ ಕೃಪೆ ಕಣೇ ನಿನ್ನ ಮೇಲೆ" ಎಂದು ರಾಮಲಕ್ಷ್ಮಮ್ಮ ಬಾವಿಕಟ್ಟೆಯಲ್ಲಿ ಹೊಟ್ಟೆ ಹಿಡಿದು ನಕ್ಕಳು. "ಇನ್ನೊಂದು ಹೆರು ಹಂಗಾದ್ರೆ!" ಬಯ್ಯಪ್ಪನಿಗೆ ಹೆಂಡತಿಯ ವಯಸ್ಸಿನ ಲೆಕ್ಕವಿರಲಿಲ್ಲ, ಸತ್ತ ತಟ್ಟೆಯ ನೆನಪಿತ್ತು.

ಅರವತ್ತೆಂಟರಲ್ಲಿ ರಾಮಾಂಜಿಗೆ ಮದುವೆಯಾಯಿತು. ಸೊಸೆ ಪಂಕಜ ಗೌರಿಬಿದನೂರಿನ ಶಾಲಾ ಮೇಷ್ಟ್ರ ಮಗಳು, ಎಸ್ಸೆಸ್ಸೆಲ್ಸಿ ಓದಿದವಳು. ಹೊಸ ಸೊಸೆಗೆ ಮೊದಲ ಬೆಳೆ ಬಂತು. ಹುಳು ನಾಲ್ಕನೇ ಜ್ವರ ಎದ್ದವು. ಹೊಸಬಳಿಗೆ ಕೆಲಸ ತೋರಿಸಲೆಂದು ಅಮ್ಮಾಜಮ್ಮ ಇನ್ನೂ ಹೊರಗೆ ಕೂತಿರಲಿಲ್ಲ. ಪಂಕಜ ಎರಡು ದಿನ ದುಡಿದಳು. ಕೈ ಹಸಿರಾಯಿತು, ಕಣ್ಣು ಗುಳಿಬಿದ್ದವು. ಅಮ್ಮಾಜಮ್ಮನಿಗೆ ತನ್ನ ಕಾಲದ ನೆನಪಾಯಿತು. ಹಿತ್ತಲಿಗೆ ಕರೆದು ಪಿಸುಗುಟ್ಟಿದಳು:

"ಹೊರಗೆ ಅಂತ ಹೇಳಿ ಕೂತ್ಕೋ ಹೋಗಮ್ಮ. ನಾನು ನೋಡ್ಕೊತೀನಿ."

"ನಾನು ಹೊರಗಾಗಿಲ್ವಲ್ಲ ಅತ್ತೆ."

"ಆಗಿರಬೇಕು ಅಂತ ಯಾರು ಹೇಳಿದ್ರು?"

ಪಂಕಜನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವಳು ನಗಲಿಲ್ಲ.

"ಅದರಿಂದ ಹುಳ ಸಾಯಲ್ಲ ಅತ್ತೆ. ನಮ್ಮ ಸ್ಕೂಲಲ್ಲಿ ಹೇಳ್ಕೊಟ್ಟಿದಾರೆ."

"ಮೆತ್ತಗೆ!" ಅಮ್ಮಾಜಮ್ಮ ಅವಳ ತೋಳು ಚಿವುಟಿದಳು. "ಸಾಯಲ್ಲ ಅಂತ ನಂಗೆ ನಿಮ್ಮ ಸ್ಕೂಲಿಗಿಂತ ಮುಂಚೆ ಗೊತ್ತು. ಆ ಮಾತು ನಿಮ್ಮ ಮಾವನ ಕಿವಿಗೆ ಬಿದ್ರೆ ನೀನೂ ಕೂರಂಗಿಲ್ಲ, ನಾನೂ ಕೂರಂಗಿಲ್ಲ. ಸಾಯೋ ತನಕ ದುಡಿ."

"ಸುಸ್ತಾದ್ರೆ ಸುಸ್ತಾಯ್ತು ಅನ್ನಬಾರದಾ? ನಮ್ಮಪ್ಪಂಗೆ ಭಾನುವಾರ ರಜಾ. ಭಾನುವಾರ ಭಾನುವಾರ ನಮ್ಮಪ್ಪ ಮೈಲಿಗೆ ಆಗ್ತಾರಾ?"

ಯಾರಾದರೂ ಕೇಳಿಸಿಕೊಂಡರೇ ಎಂದು ಅಮ್ಮಾಜಮ್ಮ ಸುತ್ತ ನೋಡಿದಳು. ಅಷ್ಟರಲ್ಲಿ ಪಂಕಜ ಸೀದಾ ಹೋಗಿ, ಚಪ್ಪರದ ಕಡೆಗಲ್ಲ, ಜಗಲಿಗೆ ಹೋಗಿ ಕಂಬಕ್ಕೆ ಒರಗಿ ಕೂತಳು. ಗಂಡಸರು ಕೂರುವ ಜಾಗ. ಬಯ್ಯಪ್ಪ ಸೊಪ್ಪಿನ ಹೊರೆ ಇಳಿಸುತ್ತಿದ್ದವನು ನೋಡಿದ.

"ಯಾಕಮ್ಮ ಇಲ್ಲಿ ಕೂತೆ? ಹೊರಗಾ?"

"ಇಲ್ಲ ಮಾವ."

"ಹುಷಾರಿಲ್ವಾ?"

"ಹುಷಾರಾಗಿದೀನಿ. ಸುಸ್ತಾಗಿದೆ. ಕೂತಿದೀನಿ."

ಬಯ್ಯಪ್ಪ ಇಂಥ ಮಾತು ಕೇಳಿರಲಿಲ್ಲ. ಇದಕ್ಕೆ ಗದರಬೇಕೋ ಅರಿಶಿನ ನೀರು ಚಿಮುಕಿಸಬೇಕೋ ತಿಳಿಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿದ. "ಏನೇ ಇದು? ನೋಡು ನಿನ್ನ ಸೊಸೇನ!"

ಅಮ್ಮಾಜಮ್ಮ ನೋಡಿದಳು. ಈಗ ಒಂದು ಮಾತು ಗದರಿದರೆ ಹುಡುಗಿ ಎದ್ದು ಒಳಗೆ ಹೋಗುತ್ತಾಳೆ. ತನ್ನ ನಾಲ್ಕು ದಿನ, ಬಣವೆಯ ಹತ್ತಿರದ ಚಾಪೆ, ದೂರದಿಂದ ನೂಕಿದ ಬಿಸಿ ಮುದ್ದೆ, ಎಲ್ಲವೂ ಭದ್ರವಾಗಿರುತ್ತವೆ. ಗದರದಿದ್ದರೆ ಎಲ್ಲ ಹೋದರೂ ಹೋದೀತು. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು, ಇನ್ನೊಂದು ಕಂಬಕ್ಕೆ ಒರಗಿ, ಸೊಸೆಯ ಎದುರಿಗೆ ಕಾಲು ನೀಡಿದಳು.

"ನೀನೂನಾ? ಹೊರಗಾ?"

"ನಂದು ನಿಂತು ಎಷ್ಟು ಕಾಲ ಆಯ್ತು ಗೊತ್ತಾ ನಿಮಗೆ?" ಎಂದಳು ಅಮ್ಮಾಜಮ್ಮ.

ಬಯ್ಯಪ್ಪ ಬೆರಳು ಮಡಚಿದ. ಏನೋ ಲೆಕ್ಕ ಹಾಕಲು ಹೋಗಿ ಅದನ್ನು ಅರ್ಧಕ್ಕೇ ಬಿಟ್ಟ. ಒಳಗಿಂದ ಹುಳುಗಳ ಸದ್ದು ನಿಂತಿತ್ತು. ಸೊಪ್ಪು ಮುಗಿದಿದೆ ಎಂದರ್ಥ. ಹುಳು ಯಾರ ನ್ಯಾಯ ತೀರುವ ತನಕವೂ ಕಾಯುವುದಿಲ್ಲ. ಅವನು ರಾಮಾಂಜಿಯನ್ನು ಕೂಗಿ, ಗೊಣಗುತ್ತ ಹೊರೆ ಎತ್ತಿಕೊಂಡು ಒಳಗೆ ಹೋದ. ಅಪ್ಪ ಮಗ ತಟ್ಟೆ ಎಳೆಯುವ ಸದ್ದು ಬಂತು. ಅತ್ತೆ ಸೊಸೆ ಬೀದಿ ನೋಡುತ್ತ ಕೂತರು. ಪಕ್ಕದ ಮನೆ ಬಾಗಿಲಲ್ಲಿ ರಾಮಲಕ್ಷ್ಮಮ್ಮ ಕೊಡ ಹಿಡಿದು ನಿಂತವಳು ನಿಂತೇ ಇದ್ದಳು.

ಬಿಸಿಲು ಏರಿತು. ಸೊಪ್ಪು ಹಾಕಿ ಮುಗಿಸಿದ ಬಯ್ಯಪ್ಪ ಅಡುಗೆಮನೆಗೆ ಹೋದದ್ದು ಪಾತ್ರೆಗಳ ಸದ್ದಿನಿಂದ ಗೊತ್ತಾಯಿತು.

"ಏನೇ, ಮುದ್ದೆಗೆ ಎಸರು ಎಷ್ಟಿಡಬೇಕೇ?"

ಅಮ್ಮಾಜಮ್ಮ ಏಳಲಿಲ್ಲ.

"ಇಷ್ಟು ವರ್ಷ ತಿಂದಿದೀರಲ್ಲ," ಎಂದು ಕೂತಲ್ಲಿಂದಲೇ ಕೂಗಿದಳು, "ಅಂದಾಜು ಇರ್ತದೆ, ಇಡಿ."